ಖಳನೊಬ್ಬನ ಬೆನ್ನ ಹಿಂದೆ ಅಡಗಿದ ಠಾಣೆ

‘ದಿ ಶೀಲ್ಡ್’ ಧಾರಾವಾಹಿಯ ಮೊದಲ ಕಂತಿನಲ್ಲಿ ಎರಡು ಘಟನೆಗಳಿವೆ. ಪುಟ್ಟ ಹುಡುಗಿಯೊಬ್ಬಳು ಕಾಣೆಯಾಗಿದ್ದಾಳೆ. ಅವಳ ಸುಳಿವು ಗೊತ್ತಿರುವ ಆಸಾಮಿ ಲಾಸ್ ಏಂಜಲೀಸಿನ ಠಾಣೆಯೊಂದರ ವಿಚಾರಣಾ ಕೋಣೆಯಲ್ಲಿ ಕೂತಿದ್ದಾನೆ. ಕಾಯಿದೆ ಬಲ್ಲ ಪತ್ತೇದಾರರು ಎಷ್ಟು ಕೆದಕಿದರೂ ಬಾಯಿ ಬಿಡುವುದಿಲ್ಲ. ಆಗ ವಿಕ್ ಮ್ಯಾಕಿ ಎಂಬ ಬೋಳುತಲೆಯ ಅಧಿಕಾರಿ ಒಳಗೆ ಹೋಗುತ್ತಾನೆ, ದಪ್ಪ ಟೆಲಿಫೋನ್ ಡೈರೆಕ್ಟರಿ ಹಿಡಿದು ಬಡಿಯುತ್ತಾನೆ. ಹುಡುಗಿ ಜೀವಂತವಾಗಿ ಸಿಗುತ್ತಾಳೆ. ಕಂತಿನ ಕೊನೆಗೆ ಮಾದಕವಸ್ತು ಮಾರುವವನೊಬ್ಬನ ಮನೆಯ ಮೇಲೆ ದಾಳಿ. ಆ ಗಲಾಟೆಯಲ್ಲಿ ಅದೇ ಮ್ಯಾಕಿ, ತನ್ನ ಮೇಲೆ ಕಣ್ಣಿಡಲೆಂದು ದಳದೊಳಕ್ಕೆ ಬಂದಿದ್ದ ಸಹೋದ್ಯೋಗಿಯ ಮುಖಕ್ಕೆ ಗುಂಡು ಹಾರಿಸುತ್ತಾನೆ. ಕೊಲೆ ಕಣ್ಣಮುಂದೆ ನಡೆದರೂ ನೋಡುಗನ ಮನಸ್ಸು ಪೂರ್ತಿಯಾಗಿ ಕೊಲೆಗಾರನ ವಿರುದ್ಧ ತಿರುಗುವುದಿಲ್ಲ, ಏಕೆಂದರೆ ಮಗುವನ್ನು ಉಳಿಸಿದವನೂ ಅವನೇ. 2002ರ ಮಾರ್ಚ್ 12ರಂದು ಪ್ರಸಾರವಾದ ಈ ಕಂತು ಅಮೆರಿಕದ ಟಿವಿ ಅಪರಾಧ ಕಥೆಗಳ ದಿಕ್ಕನ್ನೇ ಬದಲಿಸಿತು. ಮ್ಯಾಕಿಯ ಪಾತ್ರ ಮಾಡಿದ ಮೈಕಲ್ ಚಿಕ್ಲಿಸ್‌ಗೆ ಆ ವರ್ಷವೇ ಎಮ್ಮಿ ಪ್ರಶಸ್ತಿ ಬಂತು. ಧಾರಾವಾಹಿ ಏಳು ಸೀಸನ್ ನಡೆಯಿತು.

ಕಥೆ ಬರೀ ಕಲ್ಪನೆಯಲ್ಲ. ಶಾನ್ ರಯಾನ್ ಇದನ್ನು ಬರೆದಾಗ ಲಾಸ್ ಏಂಜಲೀಸಿನ ರ‍್ಯಾಂಪಾರ್ಟ್ ವಿಭಾಗದ ಹಗರಣ ಇನ್ನೂ ಬಿಸಿಯಾಗಿತ್ತು. ಧಾರಾವಾಹಿಗೆ ಮೊದಲು ಇಡಬೇಕೆಂದಿದ್ದ ಹೆಸರೂ ‘ರ‍್ಯಾಂಪಾರ್ಟ್’ ಎಂದೇ. ಆ ವಿಭಾಗದಲ್ಲಿ ಬೀದಿ ಗ್ಯಾಂಗುಗಳನ್ನು ಮಟ್ಟಹಾಕಲು ಕ್ರ್ಯಾಷ್ ಎಂಬ ವಿಶೇಷ ದಳವಿತ್ತು. ಅದರ ಅಧಿಕಾರಿ ರಾಫೆಲ್ ಪೆರೆಜ್ 1998ರ ಆಗಸ್ಟ್‌ನಲ್ಲಿ ಸಿಕ್ಕಿಬಿದ್ದ. ಇಲಾಖೆಯ ಮುದ್ದೆಮಾಲು ಕೊಠಡಿಯಿಂದ ಸುಮಾರು ಎರಡೂಮುಕ್ಕಾಲು ಕಿಲೊ ಕೊಕೇನನ್ನು ಬೇರೊಬ್ಬ ಅಧಿಕಾರಿಯ ಹೆಸರಿನಲ್ಲಿ ಸಹಿ ಮಾಡಿ ಒಯ್ದಿದ್ದ. ಬೇರೆ ಕಟ್ಟುಗಳಲ್ಲಿ ಕೊಕೇನ್ ತೆಗೆದು ಪ್ಯಾನ್‌ಕೇಕ್ ಹಿಟ್ಟು ತುಂಬಿಸಿ ವಾಪಸ್ ಇಟ್ಟಿದ್ದ. 1999ರ ಸೆಪ್ಟೆಂಬರಿನಲ್ಲಿ ಶಿಕ್ಷೆ ಕಡಿಮೆ ಮಾಡಿಸಿಕೊಳ್ಳಲು ಬಾಯಿ ಬಿಟ್ಟವನು ಸುಮಾರು 70 ಅಧಿಕಾರಿಗಳತ್ತ ಬೆರಳು ತೋರಿಸಿದ. ಅವರಲ್ಲಿ ಅನೇಕರು ಆರೋಪ ನಿರಾಕರಿಸಿದರು. ಪೆರೆಜ್ ಹೇಳಿದ್ದೆಲ್ಲ ನಿಜವೆಂದು ನಂಬಬೇಕಾಗಿಲ್ಲ. ಆದರೆ ಅವನ ಹೇಳಿಕೆಯ ಬೆನ್ನಿಗೇ ನೂರಕ್ಕೂ ಹೆಚ್ಚು ಶಿಕ್ಷೆಗಳನ್ನು ನ್ಯಾಯಾಲಯಗಳು ರದ್ದು ಮಾಡಬೇಕಾಯಿತು ಎಂಬುದು ದಾಖಲಾದ ಸಂಗತಿ.

ಅವುಗಳಲ್ಲಿ ಒಂದು ಪ್ರಕರಣವನ್ನು ಹತ್ತಿರದಿಂದ ನೋಡಬೇಕು. 1996ರ ಅಕ್ಟೋಬರಿನಲ್ಲಿ ಪೆರೆಜ್ ಮತ್ತು ಅವನ ಜೊತೆಗಾರ ನಿರಾಯುಧನಾಗಿದ್ದ 19 ವರ್ಷದ ಯುವಕನೊಬ್ಬನ ಮೇಲೆ ಗುಂಡು ಹಾರಿಸಿದರು. ಬಿದ್ದವನ ಪಕ್ಕದಲ್ಲಿ ಒಂದು ರೈಫಲ್ ಇಟ್ಟು, ಅವನೇ ತಮ್ಮ ಮೇಲೆ ಎರಗಿದನೆಂದು ಬರೆದರು. ಸೊಂಟದಿಂದ ಕೆಳಗೆ ಸ್ವಾಧೀನ ಕಳೆದುಕೊಂಡ ಯುವಕನ ವಿಚಾರಣೆ ನಡೆಯಿತು, 23 ವರ್ಷ ಶಿಕ್ಷೆಯಾಯಿತು. ಮಾಡಿದ ತಪ್ಪಿಗೆ ಅವನು ಪಶ್ಚಾತ್ತಾಪವನ್ನೇ ತೋರಿಸಲಿಲ್ಲ ಎಂಬುದೂ ಶಿಕ್ಷೆಯ ಗಳಿಗೆಯಲ್ಲಿ ಅವನ ವಿರುದ್ಧ ಲೆಕ್ಕಕ್ಕೆ ಬಂತು. ಮಾಡದ ತಪ್ಪಿಗೆ ಪಶ್ಚಾತ್ತಾಪ ಎಲ್ಲಿಂದ ತರಬೇಕಿತ್ತು? ಪೆರೆಜ್ ಬಾಯಿ ಬಿಟ್ಟ ಮೇಲೆ 1999ರಲ್ಲಿ ಆ ಯುವಕನ ಬಿಡುಗಡೆಯಾಯಿತು, ಮರುವರ್ಷ ನಗರ 1.5 ಕೋಟಿ ಡಾಲರ್ ಪರಿಹಾರ ಕೊಟ್ಟಿತು. ಈ ಅನ್ಯಾಯಕ್ಕೆ ಎಷ್ಟು ಜನ ಬೇಕಾಯಿತು ಎಂದು ಎಣಿಸಿ ನೋಡಿ. ಗುಂಡು ಹಾರಿಸಿ ಸುಳ್ಳು ಬರೆದವರು ಇಬ್ಬರು. ಆ ಬರಹವನ್ನು ಪ್ರಶ್ನಿಸದೆ ಒಪ್ಪಿದ ಮೇಲಧಿಕಾರಿಗಳು, ಗುಂಡು ಹಾರಾಟದ ಬಗ್ಗೆ ಇಲಾಖೆ ನಡೆಸಿದ ಪರಿಶೀಲನೆ, ಕಡತವನ್ನು ಹಾಗೆಯೇ ಕೋರ್ಟಿಗೆ ಒಯ್ದ ಸರ್ಕಾರಿ ವಕೀಲರು, ಎರಡು ಸಮವಸ್ತ್ರಗಳ ಮಾತಿನ ಮುಂದೆ ಗಾಲಿಕುರ್ಚಿಯವನ ಮಾತಿಗೆ ಬೆಲೆ ಕೊಡದ ಜ್ಯೂರಿ, ನ್ಯಾಯಾಧೀಶರು. ಇವರಲ್ಲಿ ಹೆಚ್ಚಿನವರು ಒಂದು ಪೈಸೆ ಲಂಚ ಮುಟ್ಟಿದವರಲ್ಲ. ಬಹುಶಃ ಎಲ್ಲರೂ ತಮ್ಮ ಕೆಲಸ ತಾವು ಮಾಡಿದೆವೆಂದೇ ತಿಳಿದಿದ್ದರು.

‘ದಿ ಶೀಲ್ಡ್’ನ ಆ ಎರಡು ಘಟನೆಗಳ ಪಕ್ಕದಲ್ಲಿ ಇದನ್ನಿಟ್ಟರೆ ವ್ಯತ್ಯಾಸ ಕಾಣುತ್ತದೆ. ಧಾರಾವಾಹಿಯಲ್ಲಿ ಹೊಡೆತಕ್ಕೆ ಫಲ ಸಿಗುತ್ತದೆ, ಒಂದು ಮಗು ಉಳಿಯುತ್ತದೆ. ರ‍್ಯಾಂಪಾರ್ಟಿನ ಯುವಕನ ಪ್ರಕರಣದಲ್ಲಿ ಉಳಿಸಬೇಕಾದ ಮಗು ಯಾವುದೂ ಇರಲಿಲ್ಲ. ಧಾರಾವಾಹಿಯಲ್ಲಿ ಎಲ್ಲವೂ ಒಬ್ಬ ಅಸಾಧಾರಣ ಗಂಡಸಿನ ತೋಳಿನಿಂದ, ತಲೆಯಿಂದ ನಡೆಯುತ್ತದೆ. ನಿಜದಲ್ಲಿ ಅಸಾಧಾರಣ ಎನ್ನಬಹುದಾದದ್ದು ಏನೂ ಇರಲಿಲ್ಲ, ಸಹಿ ಹಾಕಿದ ಕಾಗದಗಳಿದ್ದವು. ನಿಜವಾದ ಪೊಲೀಸ್ ಭ್ರಷ್ಟಾಚಾರದಿಂದ ಹುಟ್ಟಿದ ಟಿವಿ ಕಥೆ ತನ್ನ ಖಳನನ್ನು ಎಷ್ಟು ದೊಡ್ಡದಾಗಿ, ಎಷ್ಟು ಆಕರ್ಷಕವಾಗಿ ಕಟ್ಟುತ್ತದೋ ಅಷ್ಟರಮಟ್ಟಿಗೆ ಅದು ಇಲಾಖೆಯ ಸಮರ್ಥನೆಯನ್ನೇ ಮತ್ತೆ ಹೇಳುತ್ತದೆ ಎಂಬುದು ನನ್ನ ವಾದ. ‘ಕೆಲವರು ಕೆಟ್ಟವರು ಸೇರಿಕೊಂಡಿದ್ದರು, ಅವರನ್ನು ಕಿತ್ತುಹಾಕಿದ್ದೇವೆ’ ಎಂಬುದು ಯಾವ ಊರಿನ ಹಗರಣವೇ ಇರಲಿ, ಪತ್ರಿಕಾಗೋಷ್ಠಿಯಲ್ಲಿ ಬರುವ ಮೊದಲ ಮಾತು. ಅದೇ ಮಾತನ್ನು ಒಳ್ಳೆಯ ನಟನೆ, ಒಳ್ಳೆಯ ಕ್ಯಾಮೆರಾ, ಒಳ್ಳೆಯ ಸಂಗೀತದೊಂದಿಗೆ ಹೇಳಿದರೂ ಅದು ಅದೇ ಮಾತು.

ಲಾಸ್ ಏಂಜಲೀಸ್ ಇಲಾಖೆ ಮಾಡಿದ್ದೂ ಇದನ್ನೇ. 2000ದ ಮಾರ್ಚ್‌ನಲ್ಲಿ ಅದು ತಾನೇ ನಡೆಸಿದ ತನಿಖೆಯ 362 ಪುಟಗಳ ವರದಿ ಹೊರತಂದಿತು. ಮೇಲ್ವಿಚಾರಣೆ ಸಡಿಲವಾಗಿತ್ತು, ಕೆಲಸದಲ್ಲಿ ಅಸಡ್ಡೆ ಬೆಳೆದಿತ್ತು ಎಂದು ಅದರಲ್ಲಿ ಒಪ್ಪಿಕೊಂಡಿದ್ದರೂ ಹಗರಣದ ಮೂಲ ಕೆಲವೇ ವ್ಯಕ್ತಿಗಳು ಎಂಬುದೇ ಅದರ ಧಾಟಿ. ಅದೇ ವರ್ಷ ಸೆಪ್ಟೆಂಬರಿನಲ್ಲಿ ಸಂವಿಧಾನ ತಜ್ಞ ಅರ್ವಿನ್ ಚೆಮರಿನ್‌ಸ್ಕಿ ಆ ವರದಿಯನ್ನು ಸಾಲು ಸಾಲಾಗಿ ಪರೀಕ್ಷಿಸಿ, ಸಮಸ್ಯೆಯ ವ್ಯಾಪ್ತಿಯನ್ನು ಇಲಾಖೆ ಕುಗ್ಗಿಸಿ ತೋರಿಸಿದೆ ಎಂದು ಬರೆದರು. ಈ ಪರೀಕ್ಷೆ ಮಾಡಿಕೊಡಿ ಎಂದು ಅವರನ್ನು ಕೇಳಿದ್ದು ಪೊಲೀಸರದೇ ಸಂಘ ಎಂಬುದನ್ನು ಮರೆಯಬಾರದು. ಕೆಳಗಿನ ಸಿಬ್ಬಂದಿಯ ತಲೆಗೆ ಎಲ್ಲವನ್ನೂ ಕಟ್ಟಿ ಮೇಲಿನವರು ಪಾರಾಗುತ್ತಾರೆಂಬ ಭಯ ಅವರಿಗಿತ್ತು. 2001ರಲ್ಲಿ ಇಲಾಖೆ ಒಕ್ಕೂಟ ಸರ್ಕಾರದೊಂದಿಗಿನ ಒಪ್ಪಂದದಡಿ ನ್ಯಾಯಾಲಯದ ಉಸ್ತುವಾರಿಗೆ ಒಳಪಟ್ಟಿತು. ಅದು ಪೂರ್ತಿಯಾಗಿ ಮುಗಿದದ್ದು 2013ರಲ್ಲಿ. ಕೆಲವೇ ಕೆಟ್ಟವರ ಸಮಸ್ಯೆಗೆ ಹನ್ನೆರಡು ವರ್ಷದ ಉಸ್ತುವಾರಿ ಬೇಕಾಗುವುದಿಲ್ಲ.

ಇಷ್ಟನ್ನು ಅಮೆರಿಕಕ್ಕೆ ಅದಕ್ಕೂ ಮೊದಲೇ ಒಂದು ಆಯೋಗ ಹೇಳಿತ್ತು. ನ್ಯೂಯಾರ್ಕ್ ಪೊಲೀಸರ ಮಾಮೂಲಿ ವ್ಯವಸ್ಥೆಯನ್ನು ತನಿಖೆ ಮಾಡಿದ ನ್ಯಾಪ್ ಆಯೋಗ 1972ರಲ್ಲಿ ಭ್ರಷ್ಟ ಪೊಲೀಸರಲ್ಲಿ ಎರಡು ಬಗೆ ಗುರುತಿಸಿತು. ಅವಕಾಶ ಹುಡುಕಿಕೊಂಡು ಹೋಗಿ ದೊಡ್ಡ ಮೊತ್ತ ಬಾಚುವ ಮಾಂಸಾಹಾರಿಗಳು ಒಂದು ಬಗೆ. ತಾವಾಗಿ ಬಂದದ್ದನ್ನು ಬೇಡವೆನ್ನದೆ ತೆಗೆದುಕೊಳ್ಳುವ ಹುಲ್ಲು ಮೇಯುವವರು ಇನ್ನೊಂದು. ಸುದ್ದಿಯಾಗುವವರು ಮೊದಲ ಬಗೆಯವರೇ. ಆದರೆ ಸಮಸ್ಯೆಯ ಹೃದಯದಲ್ಲಿರುವವರು ಎರಡನೆಯವರು ಎಂದು ಆಯೋಗ ಕಂಡುಕೊಂಡಿತು, ಏಕೆಂದರೆ ಅವರ ಸಂಖ್ಯೆಯೇ ಲಂಚಕ್ಕೆ ಮರ್ಯಾದೆ ತಂದುಕೊಡುತ್ತದೆ. ಎಲ್ಲರೂ ಸ್ವಲ್ಪ ಸ್ವಲ್ಪ ಮುಟ್ಟುವ ಠಾಣೆಯಲ್ಲಿ ಮುಟ್ಟದವನೇ ಅನುಮಾನಕ್ಕೆ ಗುರಿಯಾಗುತ್ತಾನೆ. ಆಮೇಲೆ ಬಂದ ಹೆಚ್ಚಿನ ಟಿವಿ ಕಥೆಗಳು ಈ ಮಾತನ್ನು ಕೇಳಿಸಿಕೊಳ್ಳಲಿಲ್ಲ. ಹುಲ್ಲು ಮೇಯುವವರ ಕಥೆ ಬರೆಯುವುದು ಕಷ್ಟ ನಿಜ, ಆದರೆ ಬರೆಯದಿದ್ದರೆ ಏನಾಗುತ್ತದೆ ಎಂಬುದಕ್ಕೆ ಆಸ್ಟ್ರೇಲಿಯಾ ಸಾಕ್ಷಿ.

1995ರಲ್ಲಿ ಆಸ್ಟ್ರೇಲಿಯಾದ ಸರ್ಕಾರಿ ವಾಹಿನಿ ಎಬಿಸಿ ‘ಬ್ಲೂ ಮರ್ಡರ್’ ಎಂಬ ಎರಡು ಭಾಗಗಳ ಕಥೆಯನ್ನು ಪ್ರಸಾರ ಮಾಡಿತು. ಸಿಡ್ನಿಯ ಪತ್ತೇದಾರ ರೋಜರ್ ರೋಜರ್‌ಸನ್ ಮತ್ತು ರೌಡಿ ನೆಡ್ಡಿ ಸ್ಮಿತ್ ನಡುವಿನ ಸ್ನೇಹ ಅದರ ವಸ್ತು. ಯಾವ ಹೆಸರನ್ನೂ ಮರೆಮಾಚದೆ ಅದು ನಿಜವಾದವರನ್ನು ನಿಜವಾದ ಹೆಸರಿನಿಂದಲೇ ಕರೆಯಿತು. ಸ್ಮಿತ್ ವಿರುದ್ಧದ ಪ್ರಕರಣಗಳು ನಡೆಯುತ್ತಿದ್ದ ಕಾರಣ, ಕಥೆ ನಡೆದ ನ್ಯೂ ಸೌತ್ ವೇಲ್ಸ್ ರಾಜ್ಯದಲ್ಲೇ 2001ರವರೆಗೆ ಅದರ ಪ್ರಸಾರಕ್ಕೆ ಅವಕಾಶ ಸಿಗಲಿಲ್ಲ. ಅಲ್ಲಿನ ಜನ ಕಳ್ಳ ಟೇಪುಗಳಲ್ಲಿ ನೋಡಿದರು. ಆ ಧೈರ್ಯವನ್ನು ನಾನು ಕಡೆಗಣಿಸುವುದಿಲ್ಲ. ರಿಚರ್ಡ್ ರಾಕ್ಸ್‌ಬರಾ ರೋಜರ್‌ಸನ್‌ನ ಪಾತ್ರದಲ್ಲಿ ತಂದ ನಗು, ಹುರುಪು, ಯಾರನ್ನಾದರೂ ಒಲಿಸಿಕೊಳ್ಳುವ ಮಾತು, ಇವೆಲ್ಲ ನಟನೆಯ ಎತ್ತರ. ಆದರೆ ನೋಡಿ ಮುಗಿಸಿದವನ ನೆನಪಿನಲ್ಲಿ ಉಳಿಯುವುದು ಆ ಮನುಷ್ಯನ ಮೋಡಿ. ಅವನನ್ನು ಕೆಲಸದಿಂದ ತೆಗೆದದ್ದು 1986ರಲ್ಲಿ. ಅದಕ್ಕೂ ಹಿಂದೆ ಇಲಾಖೆಯಲ್ಲಿ ಅವನಿಗೆ ಮೆಚ್ಚುಗೆಗಳು ಸಂದಿದ್ದವು; ಅವನ್ನು ಕೊಟ್ಟವರು ಯಾರು, ಅವನ ಹೇಳಿಕೆಗಳ ಆಧಾರದ ಮೇಲೆ ಜೈಲಿಗೆ ಹೋದವರು ಯಾರು, ಅವನ ಕೈಕೆಳಗೆ ಕೆಲಸ ಕಲಿತವರು ಆಮೇಲೆ ಏನಾದರು ಎಂಬ ಪ್ರಶ್ನೆಗಳು ಬೇಗ ಮಸುಕಾಗುತ್ತವೆ. ನಿಜ ಜೀವನದಲ್ಲೂ ಹೀಗೇ ಆಯಿತು. ವಜಾ ಆಗಿ, ಜೈಲು ಕಂಡು ಬಂದ ರೋಜರ್‌ಸನ್ ಪಬ್ಬು ಕ್ಲಬ್ಬುಗಳ ವೇದಿಕೆ ಹತ್ತಿ ಹಳೆಯ ಕಥೆಗಳನ್ನು ಹೇಳುತ್ತ ಹಣ ಸಂಪಾದಿಸಿದ. ಜನ ಟಿಕೆಟ್ ಕೊಂಡು ಕೂತು ನಕ್ಕರು. 2014ರಲ್ಲಿ ಮಾದಕವಸ್ತುವಿನ ವಿಷಯವಾಗಿ ವಿದ್ಯಾರ್ಥಿಯೊಬ್ಬನನ್ನು ಕೊಂದ ಪ್ರಕರಣದಲ್ಲಿ ಅವನಿಗೆ 2016ರಲ್ಲಿ ಜೀವಾವಧಿ ಶಿಕ್ಷೆಯಾಯಿತು. ಆ ಹೊತ್ತಿಗೆ ಅವನ ವಯಸ್ಸು ಎಪ್ಪತ್ತು ದಾಟಿತ್ತು.

ಹಾಗಾದರೆ ಬೇರೆ ದಾರಿ ಇದೆಯೇ? ಇದೆ, ಮತ್ತು ಅದು ಹೊಸದೂ ಅಲ್ಲ. 1978ರಲ್ಲಿ ಬಿಬಿಸಿ ಪ್ರಸಾರ ಮಾಡಿದ ಜಿ. ಎಫ್. ನ್ಯೂಮನ್ ಅವರ ‘ಲಾ ಅಂಡ್ ಆರ್ಡರ್’ (ಅಮೆರಿಕದ ಅದೇ ಹೆಸರಿನ ಧಾರಾವಾಹಿ ಬೇರೆ) ನಾಲ್ಕು ನಾಟಕಗಳ ಸರಣಿ. ಪತ್ತೇದಾರ, ದರೋಡೆಕೋರ, ವಕೀಲ, ಕೈದಿ ಎಂದು ಒಂದೊಂದು ನಾಟಕ ಒಬ್ಬೊಬ್ಬರ ಕಡೆಯಿಂದ. ದರೋಡೆಯೇ ಕಸುಬಾದವನೊಬ್ಬನನ್ನು ಅವನು ಮಾಡದ ದರೋಡೆಯೊಂದರಲ್ಲಿ ಸಿಕ್ಕಿಸುವುದು ಕಥೆ. ಲಂಡನ್ ಪೊಲೀಸ್ ಇಲಾಖೆಯ ಪತ್ತೇದಾರರ ಮೇಲಿನ ಭ್ರಷ್ಟಾಚಾರದ ಮೊಕದ್ದಮೆಗಳು ಆಗಷ್ಟೇ ನಡೆದಿದ್ದವು, ಕಮಿಷನರ್ ರಾಬರ್ಟ್ ಮಾರ್ಕ್ ನೂರಾರು ಮಂದಿಯನ್ನು ಹೊರದಾರಿ ಹಿಡಿಸಿದ್ದರು. ನ್ಯೂಮನ್ ಬರೆದ ಪತ್ತೇದಾರ ರಾಕ್ಷಸನಲ್ಲ, ಮಾತುಗಾರನೂ ಅಲ್ಲ. ದಿನದ ಕೆಲಸಕ್ಕೆ ಹೋಗಿ ಬರುವವನು, ಲಂಚ ಅವನ ಪಾಲಿಗೆ ಬಸ್ ಚಾರ್ಜಿನಷ್ಟು ಸಹಜ. ಅವನನ್ನು ತೆಗೆದುಹಾಕಿದರೂ ಉಳಿದ ಮೂರು ನಾಟಕಗಳ ವಕೀಲರು, ನ್ಯಾಯಾಧೀಶರು, ಜೈಲು ಸಿಬ್ಬಂದಿ ಅಲ್ಲೇ ಇರುತ್ತಾರೆ. ಸಿಟ್ಟು ಬಂದದ್ದೂ ಪೊಲೀಸರಿಗೆ ಮಾತ್ರ ಅಲ್ಲ. ಜೈಲು ಅಧಿಕಾರಿಗಳ ಸಂಘ ಬಿಬಿಸಿಗೆ ಕೊಡುತ್ತಿದ್ದ ಸಹಕಾರವನ್ನೇ ನಿಲ್ಲಿಸಿತು. ‘ಬ್ಲೂ ಮರ್ಡರ್’ಗೆ ಅಡ್ಡಿಯಾದದ್ದು ಒಬ್ಬ ಆರೋಪಿಯ ಮೊಕದ್ದಮೆ, ಈ ಸರಣಿಯ ಮೇಲೆ ಸಿಟ್ಟಾದವು ಇಡೀ ಸಂಸ್ಥೆಗಳು. ಏಟು ಎಲ್ಲಿ ತಗುಲಿತು ಎಂಬುದು ಇದರಿಂದಲೇ ತಿಳಿಯುತ್ತದೆ.

ಈ ದಾರಿಯಲ್ಲಿ ಇತ್ತೀಚೆಗೆ ಬಂದ ದೊಡ್ಡ ಕೃತಿ ‘ವಿ ಓನ್ ದಿಸ್ ಸಿಟಿ’. ಡೇವಿಡ್ ಸೈಮನ್ ಮತ್ತು ಜಾರ್ಜ್ ಪೆಲೆಕಾನೊಸ್ ಸೇರಿ ಮಾಡಿದ, 2022ರಲ್ಲಿ ಎಚ್‌ಬಿಒದಲ್ಲಿ ಬಂದ ಆರು ಕಂತುಗಳ ಸರಣಿ ಇದು. ಸೈಮನ್ ಮೊದಲು ಬಾಲ್ಟಿಮೋರ್ ಸನ್ ಪತ್ರಿಕೆಯ ವರದಿಗಾರ. ಅದೇ ಪತ್ರಿಕೆಯಲ್ಲಿದ್ದ ಜಸ್ಟಿನ್ ಫೆಂಟನ್ ಬರೆದ ಪುಸ್ತಕವೇ ಇದಕ್ಕೆ ಆಧಾರ. ಅಕ್ರಮ ಬಂದೂಕುಗಳನ್ನು ಪತ್ತೆ ಮಾಡಲೆಂದು ಬಾಲ್ಟಿಮೋರ್ ಪೊಲೀಸ್ ಇಲಾಖೆ 2007ರಲ್ಲಿ ಕಟ್ಟಿದ ಗನ್ ಟ್ರೇಸ್ ಟಾಸ್ಕ್ ಫೋರ್ಸ್ ದಳವೇ ದರೋಡೆಯ ತಂಡವಾಗಿ ಮಾರ್ಪಟ್ಟ ಕಥೆ. 2016ರಲ್ಲಿ ಅದರ ಮುಖ್ಯಸ್ಥನಾದ ಸಾರ್ಜೆಂಟ್ ವೇಯ್ನ್ ಜೆಂಕಿನ್ಸ್ ಮತ್ತು ಆರು ಮಂದಿ 2017ರ ಮಾರ್ಚ್ 1ರಂದು ಬಂಧಿತರಾದರು. ಮರುವರ್ಷ ಅವನಿಗೆ 25 ವರ್ಷ ಶಿಕ್ಷೆಯಾಯಿತು. ಈ ಜನ ಮಾಡಿದ ಒಂದು ಕೆಲಸ ಇಡೀ ಹಗರಣವನ್ನು ಬಿಡಿಸಿ ಹೇಳುತ್ತದೆ. ಮಾದಕವಸ್ತು ಮಾರುವವನೊಬ್ಬನ ಮನೆಯ ನೆಲಮಾಳಿಗೆಯಲ್ಲಿ ತಿಜೋರಿ ಸಿಕ್ಕಿತು. ಒಡೆದರು. ಒಳಗೆ ಸುಮಾರು ಎರಡು ಲಕ್ಷ ಡಾಲರ್ ನಗದು. ಅರ್ಧದಷ್ಟು ತೆಗೆದುಕೊಂಡು, ತಿಜೋರಿ ಮತ್ತೆ ಮುಚ್ಚಿದರು. ಆಮೇಲೆ ಮೊಬೈಲ್ ಕ್ಯಾಮೆರಾ ಶುರು ಮಾಡಿ, ಇದೀಗ ಮೊದಲ ಬಾರಿಗೆ ಒಡೆಯುತ್ತಿರುವಂತೆ ಚಿತ್ರೀಕರಿಸಿದರು. ನಮ್ಮ ಕಡೆಯ ಭಾಷೆಯಲ್ಲಿ ಹೇಳಬೇಕೆಂದರೆ, ಕಳವಾದ ಮೇಲೆ ಪಂಚನಾಮೆ ಮಾಡಿಕೊಂಡರು. ಪ್ರಾಮಾಣಿಕತೆಗೆಂದು ಇರುವ ವಿಧಿಯನ್ನೇ ಕಳ್ಳತನದ ರಸೀದಿಯಾಗಿ ಬಳಸಿದರು.

ಇಂಥ ಕಡೆ ಸರಣಿಯ ಕಟ್ಟಡ ಕೆಲಸಕ್ಕೆ ಬರುತ್ತದೆ. ಕಥೆ ವರ್ಷಗಳ ನಡುವೆ ಹಿಂದಕ್ಕೂ ಮುಂದಕ್ಕೂ ಓಡಾಡುತ್ತದೆ, ಪ್ರತಿ ಬಾರಿಯೂ ತೆರೆಯ ಮೇಲೆ ಪೊಲೀಸರ ದಿನಚರಿ ನಮೂನೆಯೊಂದು ಅಕ್ಷರ ಅಕ್ಷರವಾಗಿ ಟೈಪ್ ಆಗುತ್ತದೆ. ಅದರಲ್ಲಿ ಬರೆದದ್ದು ಮತ್ತು ನಾವು ನೋಡುವುದು ಎಷ್ಟೋ ಕಡೆ ಹೊಂದುವುದಿಲ್ಲ. ಅಧಿಕಾರಿ ಕಡಲತೀರದಲ್ಲಿ ರಜೆ ಕಳೆಯುತ್ತಿದ್ದ ದಿನಕ್ಕೂ ಓವರ್‌ಟೈಮ್ ಹಣ ಸಂದಿತ್ತು ಎಂಬುದು ಕೋರ್ಟಿನಲ್ಲಿ ಸಾಬೀತಾದ ಸಂಗತಿ. ಬಂದೂಕು ಹಿಡಿದು ತಂದವರಿಗೆ ದಾಖಲೆಯಲ್ಲಿಲ್ಲದ ರಜೆಯನ್ನು ಬಹುಮಾನವಾಗಿ ಕೊಡುವ ರೂಢಿ ಇಲಾಖೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಓವರ್‌ಟೈಮ್ ಚೀಟಿಗೆ ಸಹಿ ಹಾಕಿದವನು ಜೆಂಕಿನ್ಸ್ ಒಬ್ಬನೇ ಆಗಿರಲು ಸಾಧ್ಯವಿಲ್ಲ. ನಗರದಲ್ಲಿ ಕೊಲೆಗಳು ಏರುತ್ತಿದ್ದವು, ಮೇಲಿನವರಿಗೆ ತೋರಿಸಲು ಬಂದೂಕುಗಳ ಸಂಖ್ಯೆ ಬೇಕಿತ್ತು, ಈ ದಳ ಅದನ್ನು ತಂದುಕೊಡುತ್ತಿತ್ತು. 2016ರಲ್ಲಿ, ಅಂದರೆ ಲೂಟಿ ಜೋರಾಗಿ ನಡೆಯುತ್ತಿದ್ದಾಗಲೇ, ಇಲಾಖೆಯ ಆಂತರಿಕ ಪತ್ರಿಕೆ ದಳದ ಶ್ರಮವನ್ನು ಹೊಗಳಿ ಬರೆಯಿತು. ಅದೇ ವರ್ಷ ಆಗಸ್ಟ್‌ನಲ್ಲಿ ಅಮೆರಿಕದ ನ್ಯಾಯ ಇಲಾಖೆ ಬಾಲ್ಟಿಮೋರ್ ಪೊಲೀಸರ ಅಕ್ರಮ ತಪಾಸಣೆ, ಬಲಪ್ರಯೋಗಗಳ ಬಗ್ಗೆ ದೊಡ್ಡ ವರದಿಯನ್ನೇ ಪ್ರಕಟಿಸಿತ್ತು. ಹಿಂದಿನ ವರ್ಷ ಫ್ರೆಡ್ಡಿ ಗ್ರೇ ಎಂಬ ಯುವಕ ಪೊಲೀಸ್ ವಶದಲ್ಲಿ ಗಾಯಗೊಂಡು ಸತ್ತು ನಗರ ಹೊತ್ತಿ ಉರಿದ ಮೇಲೆ ನಡೆದ ತನಿಖೆಯದು. ಅಷ್ಟೆಲ್ಲ ಕಣ್ಣುಗಳು ನೆಟ್ಟಿದ್ದರೂ ಈ ದಳ ಸಿಕ್ಕಿಬಿದ್ದದ್ದು ಬೇರೊಂದು ಕಡೆಯಿಂದ. ಪಕ್ಕದ ಕೌಂಟಿಯ ಪೊಲೀಸರು ಹೆರಾಯಿನ್ ಮಾರುವವನೊಬ್ಬನ ಬೆನ್ನು ಹತ್ತಿದ್ದಾಗ, ಅವನ ಕಾರಿನಡಿಯಲ್ಲಿ ತಮ್ಮದಲ್ಲದ ಇನ್ನೊಂದು ಜಿಪಿಎಸ್ ಸಾಧನ ಕಂಡರು; ಅದರ ಜಾಡು ಬಾಲ್ಟಿಮೋರ್ ಪೊಲೀಸನೊಬ್ಬನಿಗೆ ಹೋಗಿ ಮುಟ್ಟಿತು.

ಜಾನ್ ಬರ್ನ್‌ಥಾಲ್ ನಟಿಸಿದ ಜೆಂಕಿನ್ಸ್ ಬಾಯಿಬಡುಕ, ಹುಮ್ಮಸ್ಸಿನವನು, ತನ್ನ ಬುದ್ಧಿಯ ಬಗ್ಗೆ ತಾನೇ ಮರುಳಾದವನು. ಮ್ಯಾಕಿಗೆ ಇದ್ದ ಗಾಂಭೀರ್ಯ ಅವನಿಗಿಲ್ಲ. ಅವನ ಜೊತೆಗೆ ನಡೆಯುವ ಇನ್ನೊಂದು ಎಳೆ ನ್ಯಾಯ ಇಲಾಖೆಯ ವಕೀಲೆ ನಿಕೋಲ್ ಸ್ಟೀಲ್‌ಳದು. ಈ ಪಾತ್ರ ಕಲ್ಪನೆಯದು. ದೂರುಗಳ ಕಡತ ತಿರುವುತ್ತ, ಇಷ್ಟೊಂದು ದೂರುಗಳಿದ್ದೂ ಒಬ್ಬ ಅಧಿಕಾರಿ ಬೀದಿಯಲ್ಲಿ ಹೇಗೆ ಉಳಿದ ಎಂದು ಅವಳು ಒಬ್ಬೊಬ್ಬರನ್ನೇ ಕೇಳುತ್ತ ಹೋಗುತ್ತಾಳೆ. ಪ್ರತಿಯೊಬ್ಬರಲ್ಲೂ ಒಂದು ಸಮಂಜಸ ಉತ್ತರವಿದೆ. ಸಿಬ್ಬಂದಿ ಕಡಿಮೆ. ಸಂಘದ ಒಪ್ಪಂದ. ಸಾಕ್ಷಿ ಹೇಳಲು ಯಾರೂ ಬರಲಿಲ್ಲ. ಬಂದೂಕು ತರುವವನನ್ನು ಹೇಗೆ ತೆಗೆಯುವುದು? ಈ ಸಮಂಜಸ ಉತ್ತರಗಳೇ ಸರಣಿಯ ನಿಜವಾದ ಖಳ. ‘ದಿ ವೈರ್’ ಮೂಲಕ ಬಾಲ್ಟಿಮೋರನ್ನು ಅರವತ್ತು ಕಂತುಗಳಲ್ಲಿ ತೋರಿಸಿದ ಸೈಮನ್ ಇಲ್ಲಿ ಆರರಲ್ಲಿ ಅದಕ್ಕಿಂತ ಕಠಿಣವಾಗಿ ಮಾತಾಡಿದ್ದಾರೆ ಎಂದು ನನಗನಿಸುತ್ತದೆ.

ನನ್ನ ವಾದಕ್ಕೆ ಬರುವ ಮೊದಲ ಆಕ್ಷೇಪ ಗೊತ್ತಿರುವಂಥದ್ದೇ. ನಾಟಕ ತನಿಖಾ ವರದಿಯಲ್ಲ. ಅದಕ್ಕೆ ಮನುಷ್ಯ ಬೇಕು, ಮುಖ ಬೇಕು. ಓವರ್‌ಟೈಮ್ ಚೀಟಿಯನ್ನು ಯಾರು ನೋಡುತ್ತಾರೆ? ಮ್ಯಾಕಿಯಂಥವನಿಲ್ಲದಿದ್ದರೆ ರ‍್ಯಾಂಪಾರ್ಟ್ ಎಂಬ ಹೆಸರನ್ನು ಇಷ್ಟು ಜನ ಕೇಳುತ್ತಲೇ ಇರಲಿಲ್ಲವಲ್ಲ? ಮಾತಿನಲ್ಲಿ ಹುರುಳಿದೆ, ಆದರೆ ಚೀಟಿಯನ್ನು ಯಾರೂ ನೋಡುವುದಿಲ್ಲ ಎಂಬ ಭಾಗ ಸುಳ್ಳೆಂದು ಬ್ರಿಟನ್ನಿನ ‘ಲೈನ್ ಆಫ್ ಡ್ಯೂಟಿ’ ತೋರಿಸಿಕೊಟ್ಟಿದೆ. ಜೆಡ್ ಮರ್ಕ್ಯುರಿಯೊ 2012ರಲ್ಲಿ ಶುರು ಮಾಡಿದ ಈ ಧಾರಾವಾಹಿಯಲ್ಲಿ ಪೊಲೀಸರನ್ನು ತನಿಖೆ ಮಾಡುವ ಎಸಿ-12 ಎಂಬ ಘಟಕವಿದೆ. ಭಯೋತ್ಪಾದಕನೆಂದು ತಪ್ಪು ತಿಳಿದು ಪೊಲೀಸರು ಅಮಾಯಕನನ್ನು ಕೊಲ್ಲುವುದರಿಂದ ಕಥೆ ತೊಡಗುತ್ತದೆ. 2005ರಲ್ಲಿ ಲಂಡನ್ನಿನ ಮೆಟ್ರೊ ರೈಲಿನಲ್ಲಿ ಹಾಗೆ ಕೊಲ್ಲಲ್ಪಟ್ಟ ಬ್ರೆಜಿಲಿನ ಯುವಕನ ಪ್ರಕರಣದ ನೆರಳು ಅದು. ಆದರೆ ಜನ ಉಸಿರು ಬಿಗಿಹಿಡಿದು ಕಾಯುತ್ತಿದ್ದದ್ದು ಗುಂಡಿನ ಚಕಮಕಿಗಲ್ಲ, ವಿಚಾರಣೆಯ ದೃಶ್ಯಗಳಿಗೆ. ಮೇಜಿನ ಆಚೆ ಈಚೆ ನಾಲ್ಕೈದು ಜನ, ನಡುವೆ ಕಡತ, ಧ್ವನಿಮುದ್ರಣ ಯಂತ್ರ, ನಿಯಮದ ಸಂಖ್ಯೆ, ದಾಖಲೆಯ ಸಂಖ್ಯೆ. ಇಂಥ ಒಂದೊಂದು ದೃಶ್ಯ ಇಪ್ಪತ್ತು ನಿಮಿಷ ನಡೆದದ್ದೂ ಉಂಟು. 2021ರ ಮೇ 2ರಂದು ಆರನೇ ಸೀಸನ್ನಿನ ಕೊನೆಯ ಕಂತನ್ನು ಬ್ರಿಟನ್ನಿನಲ್ಲಿ ಸುಮಾರು 1.28 ಕೋಟಿ ಜನ ನೋಡಿದರು. ಕಾಗದಪತ್ರದಲ್ಲಿ ರೋಮಾಂಚನವಿಲ್ಲ ಎಂಬ ಮಾತು ಬರಹಗಾರರ ಸೋಮಾರಿತನ ಅಷ್ಟೆ.

ಆ ಕೊನೆಯ ಕಂತಿಗೆ ಬಂದ ಪ್ರತಿಕ್ರಿಯೆ ಇನ್ನೂ ಮುಖ್ಯ. ಸಂಘಟಿತ ಅಪರಾಧಿಗಳೊಡನೆ ಸೇರಿದ ‘ಎಚ್’ ಎಂಬ ಮೇಲಧಿಕಾರಿ ಯಾರು ಎಂದು ವರ್ಷಗಟ್ಟಲೆ ಊಹೆ ನಡೆದಿತ್ತು. ಕೊನೆಗೆ ಹೊರಬಿದ್ದವನು ಇಯಾನ್ ಬಕೆಲ್ಸ್: ದಡ್ಡ, ಆಲಸಿ, ಗಾಲ್ಫ್ ಆಡುತ್ತ ಕಾಲ ಕಳೆಯುವ ಅಧಿಕಾರಿ, ಕೆಲಸದಲ್ಲಿ ಎಡವುತ್ತಲೇ ಬಡ್ತಿ ಪಡೆದವನು. ನೋಡುಗರು ಸಿಟ್ಟಾದರು. ಇವನಿಗಾಗಿಯೇ ಇಷ್ಟು ವರ್ಷ ಕಾದದ್ದೇ ಎಂದು ಬೈದರು. ಆ ನಿರಾಶೆ ನನಗೆ ಅರ್ಥವಾಗುತ್ತದೆ, ಆದರೆ ಮರ್ಕ್ಯುರಿಯೊ ಮಾಡಿದ್ದು ಸರಿ. ಆರು ವಾರ ಕಳೆದು, ಜೂನ್ 15ರಂದು, ಡೇನಿಯಲ್ ಮಾರ್ಗನ್ ಪ್ರಕರಣದ ಸ್ವತಂತ್ರ ಸಮಿತಿಯ ವರದಿ ಹೊರಬಂತು. ಖಾಸಗಿ ಪತ್ತೇದಾರ ಮಾರ್ಗನ್ 1987ರಲ್ಲಿ ಲಂಡನ್ನಿನ ಪಬ್ಬೊಂದರ ಹೊರಗೆ ಕೊಡಲಿ ಏಟಿಗೆ ಸತ್ತವರು. ಐದು ತನಿಖೆಗಳಾದರೂ ಯಾರಿಗೂ ಶಿಕ್ಷೆಯಾಗಿಲ್ಲ. ಸಾವಿರಕ್ಕೂ ಹೆಚ್ಚು ಪುಟಗಳ ಆ ವರದಿ ಕೊಲೆಗಾರನನ್ನು ಹೆಸರಿಸಲಿಲ್ಲ, ಮುಸುಕು ತೆಗೆಯಬೇಕಾದ ಯಾವ ಮಹಾಖಳನನ್ನೂ ತೋರಿಸಲಿಲ್ಲ. ತನ್ನ ಹೆಸರು ಉಳಿಸಿಕೊಳ್ಳಲು ತಪ್ಪುಗಳನ್ನು ಮುಚ್ಚಿಡುವ, ಕೇಳಿದ ದಾಖಲೆ ಕೊಡದೆ ಸತಾಯಿಸುವ ನಡತೆಯನ್ನೇ ಅದು ಸಾಂಸ್ಥಿಕ ಭ್ರಷ್ಟಾಚಾರ ಎಂದು ಕರೆಯಿತು. ಟಿವಿಯ ಮುಂದೆ ಕೂತು ‘ಎಚ್’ಗಾಗಿ ಕಾದ ದೇಶಕ್ಕೆ ಈ ವರದಿಯೂ ನಿರಾಶೆಯನ್ನೇ ತಂದಿರಬೇಕು. ಮಹಾಖಳನೊಬ್ಬ ಸಿಕ್ಕಿಬಿದ್ದರೆ ಮನಸ್ಸು ನಿರಾಳವಾಗುತ್ತದೆ. ಬಕೆಲ್ಸ್ ಸಿಕ್ಕಿದರೆ ಅವನಿಗೆ ಬಡ್ತಿ ಕೊಟ್ಟವರನ್ನು ಹುಡುಕಬೇಕಾಗುತ್ತದೆ.

ಎರಡನೆಯ ಆಕ್ಷೇಪ ಇದಕ್ಕಿಂತ ಗಂಭೀರ. ಇಂಥ ಕಥೆಗಳು ಪೊಲೀಸರ ಮೇಲಿನ ನಂಬಿಕೆ ಕೆಡಿಸುತ್ತವೆ. ರಾತ್ರಿ ಪಾಳಿ ಮಾಡಿ, ಹಬ್ಬದ ದಿನ ಮನೆ ಬಿಟ್ಟು ದುಡಿಯುವ ಪ್ರಾಮಾಣಿಕನಿಗೆ ಅನ್ಯಾಯ ಮಾಡುತ್ತವೆ. ಒಬ್ಬ ಖಳನನ್ನಷ್ಟೇ ತೋರಿಸಿದರೆ ಉಳಿದವರ ಮರ್ಯಾದೆಯಾದರೂ ಉಳಿಯುತ್ತದೆ. ಆದರೆ ಪ್ರಾಮಾಣಿಕರಿಗೆ ಏನಾಯಿತು ಎಂದು ದಾಖಲೆಗಳನ್ನೇ ಕೇಳೋಣ. ನ್ಯಾಪ್ ಆಯೋಗಕ್ಕೆ ಕಾರಣನಾದ ಫ್ರಾಂಕ್ ಸೆರ್ಪಿಕೊ ವರ್ಷಗಟ್ಟಲೆ ಮೇಲಧಿಕಾರಿಗಳ ಬಾಗಿಲು ತಟ್ಟಿ, ಯಾರೂ ಕೇಳದಿದ್ದಾಗ ಪತ್ರಿಕೆಗೆ ಹೋದ. 1971ರ ಫೆಬ್ರವರಿಯಲ್ಲಿ ಬ್ರೂಕ್ಲಿನ್ನಿನ ದಾಳಿಯೊಂದರಲ್ಲಿ ಮುಖಕ್ಕೆ ಗುಂಡು ತಿಂದ. ಸಿಡ್ನಿಯ ಪೊಲೀಸ್ ಮೈಕಲ್ ಡ್ರೂರಿ ಹೆರಾಯಿನ್ ಪ್ರಕರಣದಲ್ಲಿ ಸಾಕ್ಷ್ಯ ಬದಲಿಸಲು ರೋಜರ್‌ಸನ್ ಲಂಚ ಕೊಡಬಂದನೆಂದು ಹೇಳಿದವರು. 1984ರ ಜೂನ್‌ನಲ್ಲಿ ಅವರ ಮನೆಯ ಅಡುಗೆಮನೆಯಲ್ಲೇ ಕಿಟಕಿಯಾಚೆಯಿಂದ ಗುಂಡು ಬಿತ್ತು. ಅವರು ಬದುಕಿದರು. ರೋಜರ್‌ಸನ್ ಆ ಆರೋಪಗಳಲ್ಲಿ ಕೋರ್ಟಿನಿಂದ ಖುಲಾಸೆಯಾದ. ಈ ಇಬ್ಬರಿಗೂ ಆದ ಹಾನಿ ಟಿವಿಯಿಂದ ಆದದ್ದಲ್ಲ. ಪಕ್ಕದ ಮೇಜಿನವನ ತಪ್ಪನ್ನು ಹೇಳಬಾರದೆಂಬ ಠಾಣೆಯ ಅಲಿಖಿತ ಕಟ್ಟಳೆಯಿಂದ ಆದದ್ದು. ಒಬ್ಬ ಖಳನ ಕಥೆ ಆ ಕಟ್ಟಳೆಯನ್ನು ಮುಟ್ಟುವುದೇ ಇಲ್ಲ. ಪ್ರಾಮಾಣಿಕ ಪೊಲೀಸನ ಒಂಟಿತನ ಎಷ್ಟೆಂದು ತೋರಿಸಬೇಕಾದರೆ ಅವನ ಸುತ್ತ ಬಾಯಿ ಮುಚ್ಚಿ ಕೂತವರನ್ನೂ ತೋರಿಸಲೇಬೇಕು.

‘ದಿ ಶೀಲ್ಡ್’ ಬಗ್ಗೆ ಇಷ್ಟು ಹೇಳಿದ ಮೇಲೆ ಅದರ ಕೊನೆಗೂ ನ್ಯಾಯ ಸಲ್ಲಿಸಬೇಕು. 2008ರ ನವೆಂಬರಿನ ಕೊನೆಯ ಕಂತುಗಳಲ್ಲಿ ಮ್ಯಾಕಿ ವಲಸೆ ಇಲಾಖೆಯ ಅಧಿಕಾರಿಣಿಯ ಎದುರು ಕೂತು, ಎಲ್ಲಕ್ಕೂ ಕ್ಷಮೆ ಸಿಗುತ್ತದೆಂಬ ಕಾಗದ ಕೈಗೆ ಬಂದ ಮೇಲೆ, ಏಳು ಸೀಸನ್ನುಗಳ ಕೊಲೆ, ಕಳವು, ಸುಳ್ಳುಗಳನ್ನು ಒಂದೊಂದಾಗಿ ಧ್ವನಿಮುದ್ರಣಕ್ಕೆ ಹೇಳುತ್ತಾನೆ. ಕೊನೆಯವರೆಗೂ ಅವನನ್ನು ನಂಬಿದ ಜೊತೆಗಾರ ಕೈಕೋಳ ತೊಡುತ್ತಾನೆ. ಮ್ಯಾಕಿಗೆ ಜೈಲಿಲ್ಲ, ಸೂಟು ತೊಟ್ಟು ಕಚೇರಿಯ ಪುಟ್ಟ ಗೂಡಿನಲ್ಲಿ ಕೂತು ವರದಿ ಟೈಪ್ ಮಾಡುವ ಕೆಲಸ. ಅದು ಅವನಿಗೆ ಶಿಕ್ಷೆ ಎಂದು ಬರಹಗಾರರು ಭಾವಿಸಿದ್ದಾರೆ, ಹೆಚ್ಚಿನ ನೋಡುಗರೂ ಹಾಗೇ ಓದಿಕೊಂಡಿದ್ದಾರೆ. ನನಗೆ ಮುಖ್ಯವೆನಿಸುವುದು ಬೇರೆ: ಒಂದು ಸರ್ಕಾರಿ ಸಂಸ್ಥೆ ತನ್ನ ಅನುಕೂಲಕ್ಕಾಗಿ, ಏನು ಕೇಳಬೇಕಾಗುತ್ತದೆಂದು ತಿಳಿಯದೆಯೇ, ಈ ಮನುಷ್ಯನಿಗೆ ಕ್ಷಮೆಯ ಸಹಿ ಹಾಕಿತು. ಆ ಒಂದು ಸಹಿಯಲ್ಲಿ ಧಾರಾವಾಹಿ ಕೊನೆಗೂ ರ‍್ಯಾಂಪಾರ್ಟನ್ನು ಮುಟ್ಟಿತು. ಅದಕ್ಕೆ ಏಳು ಸೀಸನ್ ಹಿಡಿಯಿತು, ಅಷ್ಟರಲ್ಲಿ ಮ್ಯಾಕಿಯನ್ನು ಮೆಚ್ಚುವುದು ಬಹಳ ಜನಕ್ಕೆ ಅಭ್ಯಾಸವಾಗಿತ್ತು.

ಈ ಅಭ್ಯಾಸ ಕನ್ನಡದ ನೋಡುಗರಿಗೂ ಹೊಸದಲ್ಲ. ನಮ್ಮಲ್ಲಿ ಅದರ ಇನ್ನೊಂದು ಮುಖ ಹೆಚ್ಚು ಬೆಳೆದಿದೆ. ನಿಜವಾದ ಅಧಿಕಾರಿಯೊಬ್ಬರ ಹೆಸರಿನಿಂದ ಪ್ರೇರಣೆ ಪಡೆದು 1988ರಲ್ಲಿ ಬಂದ ಶಂಕರ್ ನಾಗ್ ಅವರ ‘ಸಾಂಗ್ಲಿಯಾನ’ದಿಂದ ಹಿಡಿದು ಇಂದಿನವರೆಗೆ ಕೆಟ್ಟ ವ್ಯವಸ್ಥೆಯನ್ನು ಒಂಟಿಯಾಗಿ ಸರಿಪಡಿಸುವ ದಕ್ಷ ಪೊಲೀಸ್ ನಮ್ಮ ತೆರೆಯ ಪ್ರೀತಿಯ ನಾಯಕ. ಶಂಕರ್ ನಾಗ್ ಅವರ ಮೇಲಿನ ಕನ್ನಡಿಗರ ಪ್ರೀತಿಯಲ್ಲಿ ನಾನೂ ಪಾಲುದಾರ. ಆದರೆ ಒಬ್ಬನೇ ಕೆಡಿಸುತ್ತಾನೆ ಎಂಬ ಕಥೆಯೂ ಒಬ್ಬನೇ ಸರಿಪಡಿಸುತ್ತಾನೆ ಎಂಬ ಕಥೆಯೂ ಹುಟ್ಟುವುದು ಒಂದೇ ನಂಬಿಕೆಯಿಂದ: ಠಾಣೆಯ ಡೈರಿ ಬರೆಯುವವರು, ಮುದ್ದೆಮಾಲಿಗೆ ಬೀಗ ಹಾಕುವವರು, ವರ್ಗಾವಣೆಯ ಪಟ್ಟಿ ಮಾಡುವವರು ಲೆಕ್ಕಕ್ಕಿಲ್ಲ ಎಂಬ ನಂಬಿಕೆ.

ಅವರನ್ನು ಲೆಕ್ಕಕ್ಕೆ ತರಬಹುದಾಗಿದ್ದ ಕಥೆಯೊಂದು ನಮ್ಮ ನೆಲದಿಂದಲೇ ಹೊರಟಿತ್ತು. ಬೆಳಗಾವಿ ಜಿಲ್ಲೆಯ ಖಾನಾಪುರದಲ್ಲಿ ಬೆಳೆದು, ರೈಲುಗಳಲ್ಲಿ ಹಣ್ಣು ಮಾರುತ್ತಿದ್ದ ಅಬ್ದುಲ್ ಕರೀಂ ತೆಲಗಿ ನಕಲಿ ಛಾಪಾಕಾಗದದ ಸಾಮ್ರಾಜ್ಯ ಕಟ್ಟಿದ. ಬೆಂಗಳೂರಿನಲ್ಲಿ ದಾಖಲಾದ ಪ್ರಕರಣದಿಂದ ಅದರ ಬುಡ ಅಲುಗಾಡಿತು, ಕರ್ನಾಟಕ ಸರ್ಕಾರ ‘ಸ್ಟಾಂಪಿಟ್’ ಎಂಬ ವಿಶೇಷ ತನಿಖಾ ದಳ ರಚಿಸಿತು. 2023ರಲ್ಲಿ ಸೋನಿ ಲಿವ್‌ನಲ್ಲಿ ಬಂದ ‘ಸ್ಕ್ಯಾಮ್ 2003’ ಈ ಕಥೆಯನ್ನು ಹಿಂದಿಯಲ್ಲಿ ಹೇಳಿತು. ಗಗನ್ ದೇವ್ ರಿಯಾರ್ ತೆಲಗಿಯ ಪಾತ್ರವನ್ನು ಬಹಳ ಚೆನ್ನಾಗಿ ಮಾಡಿದರು. ಆದರೆ ಅದು ಉದ್ದಕ್ಕೂ ತೆಲಗಿಯ ಕಥೆ: ಅವನ ಚಾಣಾಕ್ಷತೆ, ಅವನ ಹಸಿವು, ಅವನ ಮಾತು. 2003ರ ಜನವರಿಯಲ್ಲಿ, ಪೊಲೀಸ್ ಕಸ್ಟಡಿಯಲ್ಲಿರಬೇಕಾಗಿದ್ದ ತೆಲಗಿ ಮುಂಬೈಯಲ್ಲಿ ತನ್ನದೇ ಫ್ಲ್ಯಾಟಿನಲ್ಲಿ, ಕಾಯಬೇಕಾದವರ ಜೊತೆಯಲ್ಲೇ ಇದ್ದದ್ದು ಪತ್ತೆಯಾಯಿತು. ಆ ವರ್ಷದ ಕೊನೆಗೆ ಮುಂಬೈ ಪೊಲೀಸ್ ಕಮಿಷನರ್ ಆಗಿದ್ದವರೊಬ್ಬರನ್ನು ನಿವೃತ್ತಿಯ ಬೆನ್ನಿಗೇ ಬಂಧಿಸಲಾಯಿತು. ನ್ಯಾಯಾಲಯ ಅವರನ್ನು ಆಮೇಲೆ ಆರೋಪಮುಕ್ತಗೊಳಿಸಿತು. ಇಲ್ಲಿ ಯಾರೋ ಒಬ್ಬರು ಕಸ್ಟಡಿ ರಿಜಿಸ್ಟರಿನಲ್ಲಿ ಆರೋಪಿ ಲಾಕಪ್ಪಿನಲ್ಲಿದ್ದಾನೆ ಎಂದು ಬರೆದಿರಬೇಕು, ಇನ್ನೊಬ್ಬರು ಅದನ್ನು ನೋಡಿ ಸಹಿ ಹಾಕಿರಬೇಕು. ಜೀಪಿಗೆ ಡೀಸೆಲ್ ಹಾಕಿಸಿದವರು, ಫ್ಲ್ಯಾಟಿನ ಬಾಗಿಲಲ್ಲಿ ಕಾವಲು ನಿಂತ ಪೇದೆ, ಮರುದಿನ ಠಾಣೆಯಲ್ಲಿ ಏನೂ ಕೇಳದೆ ಇದ್ದವರು ಇದ್ದಿರಲೇಬೇಕು. ತೆಲಗಿ 2017ರಲ್ಲಿ ಬೆಂಗಳೂರಿನಲ್ಲಿ ಶಿಕ್ಷೆ ಅನುಭವಿಸುತ್ತಲೇ ತೀರಿಕೊಂಡ, ಅವನ ಬದುಕು ಹತ್ತು ಕಂತುಗಳಾಗಿ ತೆರೆಗೂ ಬಂತು. ಆ ರಿಜಿಸ್ಟರಿನ ಪುಟದಿಂದ ಶುರುವಾಗುವ ಸರಣಿಯನ್ನು ಕನ್ನಡದಲ್ಲೇ ಯಾರಾದರೂ ಬರೆಯಬೇಕು.